ಕೆರೆ ರಸ್ತೆಯ ಬಿಟ್ಟಿ ದೀಪ

2016ರ ಫೆಬ್ರವರಿ 8, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಸೀಗೆಕಟ್ಟೆ ಪೊಲೀಸ್ ಠಾಣೆಗೆ ಬಂದ ದೂರು ಮೂರು ಪುಟ ಇತ್ತು. ಟೈಪ್ ಮಾಡಿಸಿ, ಫೋಟೊ ಅಂಟಿಸಿ, ಸ್ಪೈರಲ್ ಬೈಂಡಿಂಗ್ ಬೇರೆ ಹಾಕಿಸಿದ್ದರು. ಇನ್‌ಸ್ಪೆಕ್ಟರ್ ಚನ್ನವೀರಪ್ಪನವರು ತಮ್ಮ ಸರ್ವೀಸಿನಲ್ಲಿ ಕೊಲೆ ಕೇಸಿನ ದೂರನ್ನೂ ಅರ್ಧ ಹಾಳೆಯಲ್ಲಿ ಬರೆಸಿಕೊಂಡವರು. ಇಲ್ಲಿ ಕಳುವಾಗಿದ್ದು ಬೀದಿದೀಪದ ಫ್ಯೂಸು.

ದೂರು ತಂದವರು ಮಾವಿನತೋಪು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ ವಿನಾಯಕ್. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಮ್ಯಾನೇಜರ್, ಕೊರಳಲ್ಲಿ ಇನ್ನೂ ಕಂಪನಿಯ ಟ್ಯಾಗು ನೇತಾಡುತ್ತಿತ್ತು.

"ನೀವೂ ದಾವಣಗೆರೆ ಕಡೆಯವರಂತೆ ಸಾರ್. ನಾನೂ ಅಲ್ಲಿಯವನೇ."

"ಸಂತೋಷ. ಫ್ಯೂಸು ಯಾವಾಗ ಹೋಯ್ತು?"

"ಎರಡು ವಾರದಲ್ಲಿ ನಾಲ್ಕು ಸಲ. ಕೆರೆ ರಸ್ತೆ ಬಾಕ್ಸಿಂದ."

"ಯಾರ ಮೇಲೆ ಅನುಮಾನ?"

"ಅನುಮಾನ ಅಲ್ಲ ಸಾರ್, ಗ್ಯಾರಂಟಿ. ಕಾಂಟ್ರಾಕ್ಟ್ ಲೈನ್‌ಮನ್ ಲೋಕೇಶ್. ರಿಪೇರಿಗೆ ಕರೆದಾಗೆಲ್ಲ ಬಿಲ್ ಕೊಡ್ತಾನೆ. ತಾನೇ ಕೀಳೋದು, ತಾನೇ ಹಾಕೋದು."

ಸೀಗೆಕಟ್ಟೆ ಎಂದರೆ ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಊರು. ಕೆರೆ ರಸ್ತೆಯ ಒಂದು ಮಗ್ಗುಲಿಗೆ ಹಳೇ ಊರು, ಇನ್ನೊಂದು ಮಗ್ಗುಲಿಗೆ ಮಾವಿನತೋಪು ಬಡಾವಣೆ. ಒಂದು ವರ್ಷದ ಹಿಂದಿನವರೆಗೆ ಆ ರಸ್ತೆಯಲ್ಲಿ ಇದ್ದ ದೀಪಗಳಲ್ಲಿ ಅರ್ಧ ಉರಿಯುತ್ತಿರಲಿಲ್ಲ, ಕೆರೆ ಪಕ್ಕದ ಪಾರ್ಕು ಪಾರ್ಥೇನಿಯಂ ಬೆಳೆಯುವುದಕ್ಕೆಂದೇ ಬಿಟ್ಟ ಹಾಗಿತ್ತು. ಆಮೇಲೆ ಬಡಾವಣೆಯವರು ಪುರಸಭೆಯ ಹಿಂದೆ ಬಿದ್ದು ಒಂದು ಹೊಸ ಏರ್ಪಾಟು ಮಾಡಿಸಿದರು. ಪ್ರತಿಯೊಂದು ಆಸ್ತಿಯೂ ರಸ್ತೆಗೆ ಎಷ್ಟು ಅಡಿ ಮುಖ ಮಾಡಿದೆಯೋ ಅಷ್ಟಕ್ಕೆ, ಆಸ್ತಿ ತೆರಿಗೆಯ ಜೊತೆಯಲ್ಲೇ, ದೀಪ ಮತ್ತು ಗಿಡದ ಕರ. ಆ ಹಣ ಅಲ್ಲಿನ ದೀಪಕ್ಕೆ, ಅಲ್ಲಿನ ಗಿಡಕ್ಕೆ ಮಾತ್ರ, ಬೇರೆ ಯಾವ ಖಾತೆಗೂ ಹೋಗುವಂತಿಲ್ಲ. ಜನ ಬಾಯಿಗೆ ಸುಲಭವಾಗಲೆಂದು ದೀಪದ ಕರ ಎಂದರು.

"ಈ ಬೆಲ್ಟಲ್ಲೇ ಬೇರೆಲ್ಲೂ ಇಲ್ಲ ಸಾರ್ ಇದು," ಎಂದರು ವಿನಾಯಕ್. ಆ ಮಾತು ಹೇಳುವಾಗ ಮಾತ್ರ ಅವರ ದನಿಯಲ್ಲಿ ಮ್ಯಾನೇಜರಿಕೆ ಇರಲಿಲ್ಲ, ಮಗ ರ್‍ಯಾಂಕ್ ಬಂದ ಅಪ್ಪನ ಹಿಗ್ಗಿತ್ತು. "ಬರೋ ಭಾನುವಾರ ಸಭೆ ಇದೆ. ಕರ ಕಟ್ಟೋರೆಲ್ಲ ಕೈ ಎತ್ತಿದ್ರೆ ಮುಂದುವರಿಯುತ್ತೆ, ಇಲ್ಲಾಂದ್ರೆ ನಿಲ್ಲುತ್ತೆ. ದುಡ್ಡು ಕೊಟ್ಟೂ ಕತ್ತಲೇನಾ ಅಂತ ಜನ ರೇಗಾಡ್ತಿದಾರೆ. ಅಷ್ಟರೊಳಗೆ ಲೋಕೇಶನ ಅರೆಸ್ಟ್ ಆಗ್ಬೇಕು ಸಾರ್."

"ಅರೆಸ್ಟ್ ಯಾರದ್ದು ಅಂತ ತನಿಖೆ ಹೇಳುತ್ತೆ," ಎಂದು ಚನ್ನವೀರಪ್ಪ ಸ್ಪೈರಲ್ ದೂರನ್ನು ಹೆಡ್ ಕಾನ್ಸ್‌ಟೇಬಲ್ ಪದ್ಮಾವತಿಯವರ ಕಡೆ ಸರಿಸಿದರು. ಕಳ್ಳತನವೆಂದು ಐಪಿಸಿ 379ರ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಬಾಕ್ಸು ಹಳೇ ಊರಿನ ಮಗ್ಗುಲಿಗಿತ್ತು. ಕಬ್ಬಿಣದ ಪೆಟ್ಟಿಗೆ ನೋಡುವುದಕ್ಕೆ ಚೆನ್ನಾಗಿಲ್ಲವೆಂದು ಅದರ ಸುತ್ತ ಕರದ ಹಣದಲ್ಲೇ ಕಾಗದದ ಹೂವಿನ ಬಳ್ಳಿ ಬೆಳೆಸಿದ್ದರು. ಚೆಂದವಾಗಿಯೇ ಹಬ್ಬಿತ್ತು. ಎಷ್ಟು ಚೆಂದವೆಂದರೆ ಬಡಾವಣೆಯ ಗೇಟಿನ ಕ್ಯಾಮೆರಾದಲ್ಲಿ ಬಾಕ್ಸಿದ್ದ ಕಡೆ ಹೂವು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಕಳ್ಳನಿಗೆ ಪರದೆ ಕಟ್ಟಿಕೊಟ್ಟಿದಾರೆ ಸಾರ್," ಎಂದರು ಪದ್ಮಾವತಿ. ಅವರು ಬಾಗಲಗುಂಟೆಯವರು, ಪೀಣ್ಯದ ಕಾರ್ಖಾನೆಗಳ ನೆರಳಲ್ಲಿ ಬೆಳೆದವರು. ನಗಿಸಿ ತಾವು ಮಾತ್ರ ಗಂಭೀರವಾಗಿ ನಿಲ್ಲುವುದು ಅವರ ಅಭ್ಯಾಸ.

ಪೆಟ್ಟಿಗೆಯಲ್ಲಿ ಮೂರು ಫ್ಯೂಸುಗಳ ಜಾಗ. ಬಿಳಿ ಪಿಂಗಾಣಿಯವು, ಹಿಡಿದು ಎಳೆದರೆ ಈಚೆಗೆ ಬರುವಂಥವು. ಮೂರು ಕಂಬಕ್ಕೊಂದರಂತೆ ದೀಪಗಳನ್ನು ಒಂದೊಂದು ಫ್ಯೂಸಿಗೆ ಹಂಚಿದ್ದರು. ನಾಲ್ಕು ಸಲವೂ ಹೋಗಿದ್ದು ಎರಡೇ ಫ್ಯೂಸು. ಮೂರನೆಯದನ್ನು ಕಳ್ಳ ಮುಟ್ಟಿರಲಿಲ್ಲ.

"ಮೂರನೇದು ಯಾವ ಯಾವ ಕಂಬದ್ದು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಪುರಸಭೆಯ ಎಂಜಿನಿಯರ್ ಕೈ ತೋರಿಸಿದ. ಆ ಸಾಲಿನಲ್ಲಿ ಬಸ್ ಸ್ಟಾಪಿನ ಕಂಬವೂ ಇತ್ತು. ಬೊಮ್ಮಸಂದ್ರದ ಶಿಫ್ಟ್ ಬಿಟ್ಟ ಹೆಣ್ಣುಮಕ್ಕಳು ಕಂಪನಿ ಬಸ್ಸಿಂದ ಇಳಿಯುವುದು ಅಲ್ಲೇ. ಚನ್ನವೀರಪ್ಪ ಅದನ್ನು ಪಂಚನಾಮೆಯಲ್ಲಿ ಬರೆಸಿದರು. ಯಾಕೆ ಬರೆಸಿದರೆಂದು ಆಗ ಅವರಿಗೂ ಗೊತ್ತಿರಲಿಲ್ಲ.

ಮಂಗಳವಾರ ಲೋಕೇಶನನ್ನು ಕರೆಸಿದರು. ಇಪ್ಪತ್ತಾರರ ಹುಡುಗ, ಠಾಣೆಯ ಬೆಂಚಿನ ತುದಿಯಲ್ಲಿ ಕೂತು ಟೋಪಿ ಹಿಂಡುತ್ತಿದ್ದ.

"ನೀನೇ ಕಿತ್ತೆಯಾ?"

"ಇಲ್ಲ ಸಾರ್."

"ಬಿಲ್ ಕೊಟ್ಟಿದೀಯ."

"ಕೆಲಸ ಮಾಡಿದ್ದಕ್ಕೆ ಕೊಟ್ಟಿದೀನಿ ಸಾರ್. ವಿದ್ಯುತ್ ಕಂಪನಿ ಲೈನ್‌ಮನ್ ಪೋಸ್ಟಿಗೆ ಸೆಲೆಕ್ಟ್ ಆಗಿದೀನಿ. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಈಗ ಕೇಸ್ ಆದ್ರೆ ನನ್ ಕತೆ ಮುಗೀತು. ಅದೂ ಎರಡು ಪಿಂಗಾಣಿ ತುಂಡಿಗೆ ಹಾಳು ಮಾಡ್ಕೊಳ್ತೀನಾ ಸಾರ್?"

"ಎಲ್ರೂ ಹಿಂಗೇ ಹೇಳ್ತಾರೆ."

ಲೋಕೇಶ ಟೋಪಿಯನ್ನು ಬೆಂಚಿನ ಮೇಲಿಟ್ಟ. "ಸಾರ್, ಬೀದಿದೀಪದ ಲೈನಲ್ಲಿ ಹಗಲೊತ್ತು ಕರೆಂಟೇ ಇರಲ್ಲ. ಕದಿಯೋನು ಹಗಲೇ ಕದೀತಾನೆ, ಆರಾಮಾಗಿ. ಇವನು ದೀಪ ಹತ್ತಿ ಅರ್ಧ ಗಂಟೆ ಆದ್ಮೇಲೆ ಕೀಳ್ತಾನೆ. ನಾಲ್ಕು ಸಲಾನೂ ಅಷ್ಟೇ. ಓಡ್ತಿರೋ ಲೈನಲ್ಲಿ ಕೈ ಇಡೋಕೆ ಹುಚ್ಚಾ?"

ಇದನ್ನು ಪದ್ಮಾವತಿ ಬಡಾವಣೆಯಲ್ಲಿ ಹತ್ತು ಮನೆ ಕೇಳಿ ಖಚಿತ ಮಾಡಿಕೊಂಡು ಬಂದರು. ನಿಜ. ದೀಪ ಹೊತ್ತಿಗೆ ಸರಿಯಾಗಿ ಹತ್ತುತ್ತಿತ್ತು, ಏಳು ಗಂಟೆಯ ಹೊತ್ತಿಗೆ ಆರುತ್ತಿತ್ತು. ವಿನಾಯಕ್ ಅವರಿಂದ ಎರಡು ಸಲ ಫೋನು ಬಂತು. ಎರಡು ಸಲವೂ ಚನ್ನವೀರಪ್ಪ, "ಹುಡುಗನ್ನ ಮನೆಗೆ ಕಳ್ಸಿದೀನಿ, ತನಿಖೆ ನಡೀತಿದೆ," ಎಂದಷ್ಟೇ ಹೇಳಿ ಇಟ್ಟರು.

ಆ ಸಂಜೆ ಅವರು ಮನೆಗೆ ಬಂದಾಗ ತಾಯಿ ಬಸಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಅಪಾರ್ಟ್‌ಮೆಂಟಿನ ಏಳನೇ ಮಹಡಿ, ಪಡಸಾಲೆಯ ಟ್ಯೂಬ್‌ಲೈಟು ಪಟಪಟ ಹೊಡೆದುಕೊಳ್ಳುತ್ತಿತ್ತು. ತಲೆನೋವು ಬಂದಿದ್ದ ಮಗ ಸ್ವಿಚ್ಚಿಗೆ ಕೈ ಹಾಕಿದ.

"ಏ, ಆರಿಸಬ್ಯಾಡೋ. ದೀಪ ಹಚ್ಚೋ ಹೊತ್ತು."

"ತಲೆ ಸಿಡೀತೈತವ್ವ."

"ಸಿಡೀಲಿ. ಒಂದೀಟು ತಡಕೊ. ಲಕ್ಷ್ಮಿ ಮನಿಗೆ ಬರೋ ಹೊತ್ತಿನಾಗ ಯಾರಾರ ಕತ್ತಲಿ ಮಾಡ್ತಾರೇನು? ಆಮ್ಯಾಲೆ ಬೇಕಾದ್ರ ಆರಿಸ್ಕೊ."

ಚನ್ನವೀರಪ್ಪ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತುಬಿಟ್ಟರು. ಮಗಳು ಐಶ್ವರ್ಯಾ ಓದುತ್ತಿದ್ದವಳು ತಲೆಯೆತ್ತಿ, "ಅಜ್ಜಿ ಬೈದ್ರೆ ಅಪ್ಪ ಸ್ಟ್ಯಾಚ್ಯೂ ಆಗ್ತಾರೆ," ಎಂದು ನಕ್ಕಳು. ಅವರಿಗೆ ನಗು ಕೇಳಿಸಲಿಲ್ಲ. ದೀಪ ಹತ್ತುವ ಹೊತ್ತನ್ನು ಬಿಟ್ಟುಕೊಟ್ಟು, ಅದು ಕಳೆಯುವ ತನಕ ಕಾದು, ಜೀವಕ್ಕೆ ಅಪಾಯವಾದರೂ ಸರಿ ಆಮೇಲೆ ಆರಿಸುವವನು ತಾಮ್ರದಾಸೆಗೆ ಫ್ಯೂಸು ಕದಿಯುವ ಕಳ್ಳನಲ್ಲ. ಮುಸ್ಸಂಜೆ ದೀಪ ಹಚ್ಚಿ ಕೈ ಮುಗಿಯುವ ಮನೆಯವನು, ಅಥವಾ ಮನೆಯವಳು. ಬಸ್ಸಿಳಿಯುವ ಹೆಣ್ಣುಮಕ್ಕಳಿಗೆ ಒಂದು ದೀಪ ಉಳಿಸಿದ್ದೂ ಆಗ ಅವರಿಗೆ ಅರ್ಥವಾಯಿತು. ಕೇಸು ಹಿಡಿತಕ್ಕೆ ಬಂದಾಗ ಆಗುವ ಆ ಹಿಗ್ಗು ಅವರಿಗೆ ಇಷ್ಟು ವರ್ಷವಾದರೂ ಹಳತಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಚನ್ನವೀರಪ್ಪ, ಪದ್ಮಾವತಿ ಇಬ್ಬರೂ ಹಳೇ ಊರಿನ ಮಗ್ಗುಲಲ್ಲಿ ನಡೆದುಕೊಂಡೇ ಹೋದರು. ಅಲ್ಲಿನ ಪ್ರತಿ ಕಂಬಕ್ಕೂ ಒಂದೊಂದು ಹಸಿರು ಫಲಕ ಹೊಡೆದಿತ್ತು. ಬಡಾವಣೆಯ ಮಗ್ಗುಲಿನ ಕಂಬಗಳಿಗೆ ಆ ಫಲಕ ಇರಲಿಲ್ಲ. ಚನ್ನವೀರಪ್ಪ ಓದಿದರು: "ಈ ಬೆಳಕು ಮಾವಿನತೋಪು ನಿವಾಸಿಗಳಿಂದ ಗ್ರಾಮಸ್ಥರಿಗೆ ಉಚಿತ ಕೊಡುಗೆ."

"ಇವರು ಕರ ಕಟ್ಟಲ್ವಾ?"

"ಹಳೇ ಊರಿನ ಮನೆಗಳಿಗೆ ವಿನಾಯಿತಿ ಕೊಡ್ಸಿದಾರಂತೆ ಸಾರ್, ಸಂಘದವರೇ. ಪಾಪ ಅಂತ," ಎಂದರು ಪದ್ಮಾವತಿ. ಆ ಪಾಪ ಎಂಬುದನ್ನು ಅವರು ಬಾಯಲ್ಲಿಟ್ಟು ಅಗಿದು ಹೇಳಿದರು.

ಒಂದು ಫಲಕದ ಮೇಲೆ ಯಾರೋ ಸುಣ್ಣ ಬಳಿದಿದ್ದರು, ಅಕ್ಷರ ಕಾಣದ ಹಾಗೆ, ಅಂಚು ಕೂಡ ಮೀರದ ಹಾಗೆ ನೀಟಾಗಿ. ಆ ಕಂಬದ ಬುಡದಲ್ಲಿ ಎರಡು ಹೊಂಗೆ ಸಸಿ ಬೇರೆಯವಕ್ಕಿಂತ ಹುಲುಸಾಗಿ ನಿಂತಿದ್ದವು. ಟ್ಯಾಂಕರಿನಿಂದ ಗಿಡಗಳಿಗೆ ನೀರು ಬಿಡುತ್ತಿದ್ದ ಮಾಲಿ ಹನುಮಂತಯ್ಯ ಆ ಎರಡನ್ನು ಬಿಟ್ಟು ಮುಂದಕ್ಕೆ ಹೋದ. ಇನ್‌ಸ್ಪೆಕ್ಟರ್ ಕರೆದರು.

"ಇವಕ್ಕೇಕೆ ನೀರು ಬಿಡ್ಲಿಲ್ಲ?"

"ಬಿಡೋ ಅಂಗಿಲ್ಲ ಸಾರ್. ರಾಮಕ್ಕ ಬೈತಾರೆ. ನಿಮ್ ಬಿಟ್ಟಿ ನೀರು ನನ್ ಮನೆ ಮುಂದಿನ ಗಿಡಕ್ಕೆ ಬ್ಯಾಡ ಅಂತಾರೆ. ದಿನಾ ಸಾಯಂಕಾಲ ಅವ್ರೇ ಬಕೆಟ್ಟಲ್ಲಿ ತಂದು ಉಯ್ತಾರೆ."

ಚನ್ನವೀರಪ್ಪ ಸಸಿಯಿಂದ ಕಾಗದದ ಹೂವಿನ ಬಳ್ಳಿಯ ತನಕ ನೋಡಿದರು. ಬಕೆಟ್ ಹಿಡಿದವಳು ನಾಲ್ಕು ಹೆಜ್ಜೆ ಹಾಕಿದರೆ ಬಾಕ್ಸು. ಗೇಟಿನ ಕ್ಯಾಮೆರಾದ ದೃಶ್ಯಗಳಲ್ಲಿ ಅವರು ಅಪರಿಚಿತರನ್ನು ಹುಡುಕಿದ್ದರು. ಠಾಣೆಗೆ ಬಂದು ಮತ್ತೆ ಹಾಕಿ ನೋಡಿದಾಗ ನಾಲ್ಕು ಸಂಜೆಯೂ ಬಕೆಟ್ ಹಿಡಿದ ಹೆಂಗಸೊಬ್ಬಳು ಹೂವಿನ ಮರೆಗೆ ಹೋಗಿ ಬರುತ್ತಿದ್ದಳು. ಆಕೆ ಅವರ ಕಣ್ಣೆದುರಿಗೇ ಇದ್ದಳು, ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಪದ್ಮಾವತಿ ಅಷ್ಟರಲ್ಲಿ ವಿಚಾರಿಸಿ ಬಂದಿದ್ದರು. ರಾಮಕ್ಕ, ಅರವತ್ತೊಂದು ವರ್ಷ, ವಿಧವೆ. ಬೊಮ್ಮಸಂದ್ರದ ಸ್ವಿಚ್‌ಗೇರ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ನಿವೃತ್ತಿ.

"ಯಾವ ಸೆಕ್ಷನ್?"

"ಫ್ಯೂಸ್ ಅಸೆಂಬ್ಲಿ ಸಾರ್," ಎಂದರು ಪದ್ಮಾವತಿ. ಈ ಸಲ ಅವರಿಗೇ ನಗು ತಡೆಯಲಾಗಲಿಲ್ಲ.

ಅವತ್ತೇ ಸಂಜೆ ಇಬ್ಬರೂ ರಾಮಕ್ಕನ ಮನೆಗೆ ಹೋದರು. ಸಣ್ಣ ತಾರಸಿ ಮನೆ, ಪಕ್ಕದಲ್ಲಿ ಈಗ ಸೌದೆ ತುಂಬಿದ್ದ ಹಳೇ ದನದ ಕೊಟ್ಟಿಗೆ. ಗೋಡೆಯ ಮೇಲೆ ಕಾರ್ಖಾನೆಯವರು ಕೊಟ್ಟ ಗಡಿಯಾರ. ಯೂನಿಫಾರ್ಮ್ ನೋಡಿ ರಾಮಕ್ಕ ಗಾಬರಿಯಾಗಲಿಲ್ಲ. ನಡುವಿಗೆ ಸೆರಗು ಸಿಕ್ಕಿಸಿಕೊಂಡು, "ಬನ್ನಿ, ಕೂತ್ಕಳಿ," ಎಂದರು.

"ಯಾಕೆ ಬಂದಿದೀವಿ ಗೊತ್ತಾ ರಾಮಕ್ಕ?"

"ಗೊತ್ತು. ಒಂದು ಗಳಿಗೆ ಇರಿ ಸಾ. ದೀಪ ಹಚ್ಚೋ ಹೊತ್ತು."

ದೇವರ ಗೂಡಿನಲ್ಲಿ ದೀಪ ಹತ್ತಿತು. ಹೊರಗೆ ಬೀದಿದೀಪಗಳೂ ಹತ್ತಿದವು. ರಾಮಕ್ಕ ಒಳಗಿನದಕ್ಕೆ ಕೈ ಮುಗಿದರು, ಬಾಗಿಲಿಗೆ ಬಂದು ಬೀದಿಯದಕ್ಕೂ ಮುಗಿದರು. ಪದ್ಮಾವತಿಯ ಕೈಯೂ ತಾನಾಗಿಯೇ ಎದೆಯ ಹತ್ತಿರ ಹೋಯಿತು.

"ಕೈ ಮುಗಿಯೋ ದೀಪವನ್ನೇ ಆರಿಸ್ತೀರಲ್ಲ, ಯಾಕೆ?" ಎಂದರು ಚನ್ನವೀರಪ್ಪ.

"ದೀಪದ ಮೇಲೆ ನಂಗೇನು ಸಿಟ್ಟು ಸಾ. ಅದಕ್ಕೇ ಅದರ ಹೊತ್ತಲ್ಲಿ ಉರೀಲಿ ಅಂತ ಬಿಡ್ತಿದ್ದೆ."

"ಮತ್ತೆ?"

ರಾಮಕ್ಕ ನೆಟ್ಟಗೆ ಕೂತರು. "ಓದ ವರ್ಷ ಮೀಟಿಂಗ್ ಮಾಡಿದ್ರು. ನಾನೂ ಓಗಿದ್ದೆ. ಈ ಮನೆ ನನ್ ಪಿಎಫ್ ದುಡ್ಡಲ್ಲಿ ಕಟ್ಟಿದ್ದು. ಪ್ರತಿ ಏಪ್ರಿಲ್ಲು ಕಂದಾಯ ಕಟ್ಟೋಕೆ ಪುರಸಭೆ ಬಾಗ್ಲಲ್ಲಿ ಮೊದಲು ನಿಲ್ಲೋಳು ನಾನು. ಪಾರ್ಕಲ್ಲಿ ಏನೇನು ಗಿಡ ಆಕ್ಬೇಕು ಅಂತ ಮಾತು ಬಂತು. ಊಟಕ್ಕೆ ಕೂತ್ಕಳೋಕೆ ನೆರಳಾಗೋ ಗಿಡ ಆಕ್ರಪ್ಪ, ಬರೀ ಹೂವಿಂದು ಬ್ಯಾಡ ಅಂದೆ. ಆ ಕಾರ್ಯದರ್ಶಿ ಎದ್ದು ಏನಂದ್ರು ಗೊತ್ತಾ? ಅಜ್ಜಿ, ನಿಮ್ಗೆ ಎಲ್ಲಾ ಫ್ರೀ ಮಾಡಿದೀವಲ್ಲ, ಕಟ್ಟೋರು ಮಾತಾಡ್ಲಿ ಬಿಡಿ ಅಂದ್ರು. ಎಲ್ರೂ ನಕ್ರು."

"ನೀವೇನು ಅಂದ್ರಿ?"

"ಕಟ್ತೀನಿ, ನಂಗೂ ಆಕ್ರಿ ಕರ ಅಂದೆ. ಪುರಸಭೆಗೂ ಓದೆ, ಮೂರು ಸಲ. ವಿನಾಯಿತಿ ಆಗೋಗಿದೆ, ತಗೊಳ್ಳೋಕೆ ಬರಲ್ಲ ಅಂದ್ರು. ದುಡ್ಡು ಕೊಡ್ತೀನಿ ಅಂದ್ರೂ ಬ್ಯಾಡ ಅನ್ನೋ ಆಫೀಸು ಎಲ್ಲಾದ್ರೂ ಉಂಟಾ ಸಾ? ಆಮೇಲೆ ನನ್ ಬಾಗ್ಲಿಗೇ ಬಂದು ಉಚಿತ ಕೊಡುಗೆ ಅಂತ ಬೋರ್ಡು ಹೊಡೆದ್ರು. ನಾನು ಯಾರತ್ರಾನೂ ಕೈ ಚಾಚಿದೋಳಲ್ಲ. ನನ್ ಮನೆ ಮುಂದೆ ಬಿಟ್ಟಿ ದೀಪ ಉರಿಯೋದಾದ್ರೆ ಅದು ನಂಗೆ ಬ್ಯಾಡ."

"ಬಸ್ ಸ್ಟಾಪಿಂದು ಬಿಟ್ರಲ್ಲ?"

"ಮೊದಲನೇ ದಿನ ಅದನ್ನೂ ಕಿತ್ತೆ. ಸ್ಟಾಪು ಕತ್ತಲಾಯ್ತು, ಎದೆ ಧಸಕ್ಕಂತು. ವಾಪಸ್ ಆಕ್ಬಿಟ್ಟೆ. ನಾನೂ ಅಷ್ಟು ವರ್ಷ ಅಲ್ಲೇ ಇಳಿದಿರೋಳು."

ಚನ್ನವೀರಪ್ಪ ಹೇಳಿದರು. "ಆ ಲೋಕೇಶನ ಮೇಲೆ ಕೇಸ್ ಕೊಟ್ಟಿದಾರೆ, ಗೊತ್ತಾ? ಸರ್ಕಾರಿ ಕೆಲಸ ಸಿಗೋದ್ರಲ್ಲಿತ್ತು ಅವನಿಗೆ. ನೀವು ಕಿತ್ತಿದ್ದಕ್ಕೆ ಅವನು ತೆರೋ ಹಾಗಾಗಿದೆ."

ಇಷ್ಟು ಹೊತ್ತೂ ನೆಟ್ಟಗಿದ್ದ ರಾಮಕ್ಕನ ಬೆನ್ನು ಮೊದಲ ಸಲ ಬಾಗಿತು. ಅವರಿಗೆ ಗೊತ್ತಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ ಎಂಬುದು ಆ ಮುಖದಲ್ಲಿ ಕಾಣುತ್ತಿತ್ತು. ಎದ್ದು ಸೆರಗು ಸರಿಮಾಡಿಕೊಂಡರು.

"ನಡೀರಿ ಸಾ, ಬರ್ತೀನಿ. ನಾನು ಮಾಡಿದ್ದಕ್ಕೆ ಆ ಹುಡುಗ ಯಾಕೆ ತೆರ್ಬೇಕು."

"ಈಗ ಆಗಲ್ಲ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನ ಬಂಧಿಸೋ ಹಾಗಿಲ್ಲ, ಕಾನೂನು. ಬೆಳಿಗ್ಗೆ ಪದ್ಮಾವತಿ ಜೀಪ್ ತಗೊಂಡು ಬರ್ತಾರೆ."

"ನಿಮ್ ಕಾನೂನಿಗೂ ದೀಪ ಹತ್ತೋ ಹೊತ್ತು ಅಂತ ಒಂದಿದೆ ಅನ್ನಿ," ಎಂದರು ರಾಮಕ್ಕ. "ಜೀಪು ಬ್ಯಾಡ. ನಾನೇ ಬತ್ತೀನಿ."

ಹೊರಗೆ ಬಂದ ಮೇಲೆ ಪದ್ಮಾವತಿ, "ಬರ್ತಾರಾ ಸಾರ್?" ಎಂದು ಕೇಳಿದರು. ಚನ್ನವೀರಪ್ಪ ಸುಣ್ಣ ಬಳಿದ ಫಲಕದ ಕಡೆ ನೋಡಿ, "ನಮಗಿಂತ ಮೊದಲೇ ಬಂದಿರ್ತಾರೆ," ಎಂದರು. ಆದರೂ ಊರ ಬಾಗಿಲಲ್ಲಿ ಒಬ್ಬ ಪೇದೆಯನ್ನು ನಿಲ್ಲಿಸಿದರು. ನಂಬಿಕೆ ಬೇರೆ, ಡ್ಯೂಟಿ ಬೇರೆ.

ಫೆಬ್ರವರಿ 11, ಗುರುವಾರ. ಠಾಣೆಯ ಬಾಗಿಲು ಗುಡಿಸುವ ಹೊತ್ತಿಗೆ ರಾಮಕ್ಕ ಆಟೊದಿಂದ ಇಳಿದು, ಚಾರ್ಜು ಕೊಟ್ಟು, ಚಿಲ್ಲರೆ ಎಣಿಸಿಕೊಂಡು ಒಳಗೆ ಬಂದರು. ಮದುವೆಗೆ ಉಡುವಂಥ ಸೀರೆ. ಕೈಯಲ್ಲಿ ಅದೇ ಬಕೆಟ್ಟು, ಮೇಲೆ ಒಗೆದ ಟವೆಲ್ಲು. ಪಂಚರ ಎದುರು ಟವೆಲ್ ತೆಗೆದಾಗ ಎಂಟು ಫ್ಯೂಸುಗಳು ಒಂದು ಚೂರೂ ಮುಕ್ಕಾಗದೆ, ಒರೆಸಿ ಫಳಫಳ ಮಾಡಿಟ್ಟ ಸ್ಥಿತಿಯಲ್ಲಿದ್ದವು. ಜಪ್ತಿ ಪಂಚನಾಮೆ ಬರೆಯುತ್ತಿದ್ದ ಪದ್ಮಾವತಿಗೆ ರಾಮಕ್ಕ ಒಂದನ್ನು ತಿರುಗಿಸಿ ತೋರಿಸಿದರು.

"ಇದು ನಮ್ ಫ್ಯಾಕ್ಟ್ರೀದು. ಮಿಕ್ಕವು ಎಲ್ಲೀವೋ. ಹಿಡಿದು ನೋಡಮ್ಮ, ತೂಕದಲ್ಲೇ ಗೊತ್ತಾಗ್ತದೆ."

ಪದ್ಮಾವತಿ ಹಿಡಿದು ನೋಡಿದರು. "ಗಟ್ಟಿ ಇದೆ ಅಕ್ಕ."

"ಇರ್ಬೇಕಲ್ಲ," ಎಂದರು ರಾಮಕ್ಕ. ಕಳ್ಳತನದ ಮಾಲು ತಂದೊಪ್ಪಿಸುವಾಗ ಅಂಥ ಬೀಗುವಿಕೆಯನ್ನು ಆ ಠಾಣೆ ಹಿಂದೆಂದೂ ಕಂಡಿರಲಿಲ್ಲ.

ಬಂಧನ ದಾಖಲಾಯಿತು. ಲೋಕೇಶನ ವಿರುದ್ಧ ಯಾವ ಸಾಕ್ಷ್ಯವೂ ಇಲ್ಲವೆಂದು ಚನ್ನವೀರಪ್ಪ ಅದೇ ದಿನ ಬರೆದು ಸಹಿ ಹಾಕಿದರು. ಅವನು ಠಾಣೆಗೆ ಬಂದಾಗ ರಾಮಕ್ಕ ಎದ್ದು ನಿಂತು, "ತಪ್ಪಾಯ್ತು ಕಣಪ್ಪ," ಎಂದರು. ಅವನು, "ಓಡೋ ಲೈನಲ್ಲಿ ಕೈ ಇಟ್ಟಿದೀರಲ್ಲ ರಾಮಕ್ಕ, ಏನಾದ್ರೂ ಆಗಿದ್ರೆ," ಎಂದ. "ಇಪ್ಪತ್ತೆಂಟು ವರ್ಷ ಏನೂ ಆಗಿಲ್ಲ," ಎಂದರು ಆಕೆ.

ವಿನಾಯಕ್ ಓಡೋಡಿ ಬಂದರು. ಚನ್ನವೀರಪ್ಪ ಹೇಳಿಕೆಯನ್ನು ಓದಿ ಹೇಳಿದರು, ಅಜ್ಜಿ ಎಂದದ್ದು, ಎಲ್ಲರೂ ನಕ್ಕಿದ್ದು, ಒಂದನ್ನೂ ಬಿಡದೆ. ವಿನಾಯಕ್ ಕೊರಳಿನ ಟ್ಯಾಗು ತೆಗೆದು ಜೇಬಿಗೆ ಹಾಕಿಕೊಂಡರು.

"ಒಳ್ಳೇದಾಗ್ಲಿ ಅಂತಾನೇ ಫ್ರೀ ಮಾಡಿದ್ದು ಸಾರ್."

"ಗೊತ್ತು. ಕರ ಕಟ್ತಿರೋದಕ್ಕೆ ನಿಮಗೆ ಎಷ್ಟು ಹೆಮ್ಮೆ ಇದೆ, ಸೋಮವಾರ ನಾನೇ ನೋಡಿದೆ. ಅದನ್ನ ನೀವೊಬ್ಬರೇ ಇಟ್ಕೊಂಡ್ರಿ."

ವಿನಾಯಕ್ ದೂರು ವಾಪಸ್ ತಗೊಳ್ಳುತ್ತೇನೆ ಎಂದರು. ಒಪ್ಪದವರು ರಾಮಕ್ಕ. ಅದೂ ಬಿಟ್ಟಿ ಬ್ಯಾಡ ಎಂದರು. ಜಾಮೀನಿನ ಮೇಲೆ ಹೊರಬಂದರು, ಮುಂದೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು, ಹಾಕಿದ ದಂಡವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕಟ್ಟಿ, ರಸೀದಿ ಕೇಳಿ ಇಸಿದುಕೊಂಡರು. ಅಂತಿಮ ವರದಿಯಲ್ಲಿ ಅಪರಾಧದ ಉದ್ದೇಶ ಬರೆಯಬೇಕಾದ ಕಡೆ ಚನ್ನವೀರಪ್ಪ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕೊನೆಗೆ ಹೀಗೆ ಬರೆದರು: "ಲಾಭದ ಉದ್ದೇಶ ಕಂಡುಬಂದಿಲ್ಲ. ಊರಿನ ದೀಪಕ್ಕೆ ತನ್ನ ಪಾಲನ್ನೂ ತೆಗೆದುಕೊಳ್ಳಬೇಕೆಂಬುದು ಆರೋಪಿಯ ಬೇಡಿಕೆಯಾಗಿತ್ತು."

ಭಾನುವಾರದ ಸಭೆಯಲ್ಲಿ ಕರ ಮುಂದುವರಿಸಲು ಕೈಗಳು ಎದ್ದವು. ಹಳೇ ಊರನ್ನೂ ಕರದೊಳಗೆ ಸೇರಿಸಬೇಕೆಂದು ಠರಾವು ಮಂಡಿಸಿದವರು ವಿನಾಯಕ್. ಹಸಿರು ಫಲಕಗಳನ್ನು ಲೋಕೇಶ್ ಏಣಿ ಹಾಕಿ ಒಂದೊಂದಾಗಿ ಕಳಚಿದ.

ಏಪ್ರಿಲ್ ಮೊದಲ ವಾರ ಚನ್ನವೀರಪ್ಪ ರೌಂಡ್ಸಿಗೆ ಕೆರೆ ರಸ್ತೆಗೆ ಬಂದಾಗ ಅಳತೆ ನಡೆಯುತ್ತಿತ್ತು. ಪುರಸಭೆಯ ಸರ್ವೇಯರ್ ಟೇಪಿನ ಒಂದು ತುದಿ ಹಿಡಿದಿದ್ದ, ಇನ್ನೊಂದು ತುದಿ ಸ್ವತಃ ವಿನಾಯಕ್ ಹಿಡಿದಿದ್ದರು. ರಾಮಕ್ಕನ ಮನೆಯ ಗೋಡೆ ಮುಗಿದ ಕಡೆ ಅವರು ಟೇಪು ನಿಲ್ಲಿಸಿದರು.

"ಯಾಕೆ ಅಲ್ಲೇ ನಿಲ್ಲಿಸ್ಬಿಟ್ರಿ?" ಎಂದರು ರಾಮಕ್ಕ.

"ಮನೆ ಇಲ್ಲಿಗೇ ಮುಗೀತಲ್ಲ. ಅದು ಬರೀ ಕೊಟ್ಟಿಗೆ, ಬಿಡಿ."

"ಕೊಟ್ಟಿಗೇನೂ ನಂದೇ. ದೀಪ ಅದರ ಮೇಲೆ ಬೀಳಲ್ವಾ? ಸರಿಯಾಗಿ ಹಿಡೀರಿ."

ವಿನಾಯಕ್ ಚನ್ನವೀರಪ್ಪನವರ ಮುಖ ನೋಡಿದರು. ಬಗ್ಗಿ, ಟೇಪನ್ನು ಕೊಟ್ಟಿಗೆಯ ಕೊನೆಯ ಕಲ್ಲಿನ ತನಕ ಎಳೆದುಕೊಂಡು ಹೋದರು. ಸರ್ವೇಯರ್ ಅಡಿ ಎಷ್ಟೆಂದು ಕೂಗಿ ಹೇಳಿದ. ರಾಮಕ್ಕ ಅದನ್ನು ಬೀದಿಗೆ ಕೇಳುವ ಹಾಗೆ ಇನ್ನೊಂದು ಸಲ ಹೇಳಿದರು.